ಹೆಂಟೆಯಲ್ಲಿ ಹಸಿ ಇದ್ದರೂ ಗಿಡ ಬಾಡುವುದೇಕೆ? — ಅಣುಗಳ ಸೆಳೆತವನ್ನು ಕುರಿತು ಒಂದು ಪಾಠ

ಮಳೆ ಕೈಕೊಟ್ಟ ವರ್ಷ ಎರೆ ಹೊಲಕ್ಕೆ ಹೋಗಿ ನೋಡಿರಿ. ಹತ್ತಿಯ ಎಲೆಗಳು ಮಧ್ಯಾಹ್ನಕ್ಕೆ ಜೋತುಬಿದ್ದಿರುತ್ತವೆ. ರಾತ್ರಿ ಕಳೆದು ಬೆಳಗಾದರೂ ತಲೆ ಎತ್ತುವುದಿಲ್ಲ. ಆದರೆ ಗುದ್ದಲಿಯಿಂದ ಒಂದು ಗೇಣು ಅಗೆದು ಹೆಂಟೆಯನ್ನು ಕೈಯಲ್ಲಿ ಹಿಡಿದರೆ ತಣ್ಣಗಿರುತ್ತದೆ, ಬೆರಳಿಗೆ ಹಸಿ ತಾಕುತ್ತದೆ. ಅದೇ ದಿನ ಪಕ್ಕದ ಮಸಾರಿ ಹೊಲದಲ್ಲಿ ಶೇಂಗಾ ಬಳ್ಳಿಯ ಬುಡದ ಮಣ್ಣನ್ನು ಮುಟ್ಟಿದರೆ ಬರಿಯ ಒಣಗಲು ಎನಿಸುತ್ತದೆ. ಆದರೂ ಬಳ್ಳಿ ಹಸುರಾಗಿಯೇ ನಿಂತಿರುವುದುಂಟು. ಹಸಿ ಇರುವ ಹೊಲದಲ್ಲಿ ಗಿಡ ಬಾಡಿತು, ಒಣಗಿದ ಹೊಲದಲ್ಲಿ ಗಿಡ ಉಳಿಯಿತು. ಇದೆಂಥ ವಿಚಿತ್ರ ಎಂದು ಒಕ್ಕಲಿಗನಿಗೆ ಅನ್ನಿಸುವುದು ಸಹಜವೇ.

ಗಿಡದ ಅಳಿವು ಉಳಿವು ಮಣ್ಣಿನಲ್ಲಿ ನೀರು ಎಷ್ಟಿದೆ ಎಂಬುದೊಂದರ ಮೇಲೆಯೇ ನಿಂತಿಲ್ಲ. ಇರುವ ನೀರನ್ನು ಮಣ್ಣು ಎಷ್ಟು ಬಲವಾಗಿ ಹಿಡಿದುಕೊಂಡಿದೆ ಎಂಬುದು ಅದಕ್ಕಿಂತ ಮುಖ್ಯ. ಈ ಹಿಡಿತಕ್ಕೆ ರಸಾಯನಶಾಸ್ತ್ರದಲ್ಲಿ ಅಣುಗಳ ನಡುವಣ ಆಕರ್ಷಣೆ ಎಂದು ಹೆಸರು. ಶಾಲೆಯಲ್ಲಿ ಮಕ್ಕಳು ಇದನ್ನು ಪರೀಕ್ಷೆಗೆಂದು ಓದಿ ಮರೆಯುತ್ತಾರೆ. ದೇವನಕೊಂಡ, ಪತ್ತಿಕೊಂಡ, ಆಲೂರು, ಆದವಾನಿ ಸೀಮೆಯ ನಮ್ಮಂಥ ಮಳೆಯಾಶ್ರಯದ ಒಕ್ಕಲಿಗರಿಗೆ ಮಾತ್ರ ಇದು ಬೀಜದ ಹಣ ಉಳಿಸುವ ವಿಷಯ. ಆದುದರಿಂದ ಈ ವಾರ ಇದನ್ನೇ ಪಾಠವಾಗಿ ಇಟ್ಟುಕೊಳ್ಳೋಣ.

೧. ಎರಡು ಬಗೆಯ ಹಿಡಿತ

ಪ್ರಪಂಚದ ವಸ್ತುಗಳೆಲ್ಲ ಪರಮಾಣುಗಳಿಂದ ಆದವು. ಪರಮಾಣುಗಳು ಕೂಡಿ ಅಣುಗಳಾಗುತ್ತವೆ. ಎರಡು ಜಲಜನಕ ಪರಮಾಣುಗಳೂ ಒಂದು ಆಮ್ಲಜನಕ ಪರಮಾಣುವೂ ಕೂಡಿದರೆ ನೀರಿನ ಒಂದು ಅಣು. ಈ ಮೂವರ ನಡುವಣ ಬಂಧನ ಬಹು ಗಟ್ಟಿ. ಒಲೆಯ ಮೇಲೆ ನೀರನ್ನು ಎಷ್ಟು ಕುದಿಸಿದರೂ ಅದು ಕಳಚುವುದಿಲ್ಲ. ಆವಿಯಾಗಿ ಹೋದುದೂ ನೀರೇ, ಮುಚ್ಚಳಕ್ಕೆ ತಾಗಿ ಹನಿಯಾಗಿ ಇಳಿದುದೂ ನೀರೇ.

ಹಾಗಾದರೆ ಕುದಿಸಿದಾಗ ಕಳಚಿದ್ದು ಯಾವುದು? ಒಂದು ಅಣುವಿಗೂ ಮತ್ತೊಂದು ಅಣುವಿಗೂ ಇದ್ದ ಸೆಳೆತ. ಮನೆಯೊಳಗಿನ ಗಂಡ ಹೆಂಡಿರ ಮಕ್ಕಳ ನಂಟು ಒಂದು ಬಗೆಯದು, ನೆರೆಮನೆಯವರ ಸಂಗಡ ಇರುವ ನಂಟು ಇನ್ನೊಂದು ಬಗೆಯದು. ಅಣುವಿನ ಒಳಗಿನ ಬಂಧನ ಮೊದಲನೆಯದರಂತೆ, ಅಣು ಅಣುಗಳ ನಡುವಣ ಸೆಳೆತ ಎರಡನೆಯದರಂತೆ. ಎರಡನೆಯದು ದುರ್ಬಲವಾದುದು, ಆದರೆ ವಸ್ತು ಗಟ್ಟಿಯಾಗಿರಬೇಕೋ, ದ್ರವವಾಗಿ ಹರಿಯಬೇಕೋ, ಗಾಳಿಯಾಗಿ ಹಾರಬೇಕೋ ಎಂಬುದನ್ನು ತೀರ್ಮಾನಿಸುವುದು ಅದೇ.

ಇದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಉಂಟು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ವಜ್ರ ಹುಡುಕುವವರ ಸಂತೆಯೇ ನೆರೆಯುವುದು ಎಲ್ಲರಿಗೂ ತಿಳಿದ ಸಂಗತಿ. ಆ ವಜ್ರವೂ ಇಂಗಾಲವೇ. ಮಕ್ಕಳ ಪೆನ್ಸಿಲಿನೊಳಗಿನ ಕಪ್ಪು ಕಡ್ಡಿಯ ಗ್ರಾಫೈಟೂ ಇಂಗಾಲವೇ. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ಸುತ್ತಲಿನ ನಾಲ್ಕು ಪರಮಾಣುಗಳೊಡನೆ ಗಟ್ಟಿ ಬಂಧನದಿಂದ ಸೇರಿದೆ. ಆದ್ದರಿಂದ ಅದು ಅಷ್ಟು ಕಠಿಣ. ಗ್ರಾಫೈಟಿನಲ್ಲಿ ಪರಮಾಣುಗಳು ಹಾಳೆ ಹಾಳೆಯಾಗಿ ಸೇರಿವೆ. ಹಾಳೆಯೊಳಗೆ ಬಂಧನ ಗಟ್ಟಿ; ಹಾಳೆಗೂ ಹಾಳೆಗೂ ನಡುವೆ ಮಾತ್ರ ಆ ದುರ್ಬಲ ಸೆಳೆತ. ಕಾಗದಕ್ಕೆ ಉಜ್ಜಿದೊಡನೆ ಹಾಳೆಗಳು ಜಾರಿ ಬಿಟ್ಟುಕೊಳ್ಳುತ್ತವೆ. ಅದೇ ನಮ್ಮ ಬರೆಹ. ಈ ಹಾಳೆಗಳ ಮಾತನ್ನು ನೆನಪಿನಲ್ಲಿಡಿರಿ. ಎರೆ ಮಣ್ಣಿನ ಗುಟ್ಟೂ ಹಾಳೆಯಲ್ಲೇ ಇದೆ.

ಈ ದುರ್ಬಲ ಸೆಳೆತವನ್ನು ಮೊದಲು ಲೆಕ್ಕಕ್ಕೆ ತಂದವರು ಹಾಲೆಂಡ್ ದೇಶದ ಯೋಹಾನೆಸ್ ವಾನ್ ಡರ್ ವಾಲ್ಸ್. ಇವರು ಬಡಗಿಯ ಮಗ. ಬಹುಕಾಲ ಶಾಲಾ ಉಪಾಧ್ಯಾಯರಾಗಿದ್ದವರು. ೧೮೭೩ರಲ್ಲಿ ಬರೆದ ತಮ್ಮ ಪ್ರಬಂಧದಲ್ಲಿ ಅನಿಲದ ಅಣುಗಳಿಗೂ ಗಾತ್ರವಿದೆ, ಅವೂ ಒಂದನ್ನೊಂದು ಸೆಳೆಯುತ್ತವೆ ಎಂದು ತೋರಿಸಿದರು. ೧೯೧೦ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಯಾವ ವಿದ್ಯುತ್ ಅಂಶವೂ ಹೊರಗೆ ಕಾಣದ ಅಣುಗಳೂ ಏಕೆ ಸೆಳೆಯುತ್ತವೆ ಎಂಬುದನ್ನು ೧೯೩೦ರಲ್ಲಿ ಫ್ರಿಟ್ಸ್ ಲಂಡನ್ ಎಂಬವರು ವಿವರಿಸಿದರು. ಅಣುವಿನೊಳಗಿನ ಎಲೆಕ್ಟ್ರಾನುಗಳು ಸದಾ ಅತ್ತಿತ್ತ ಸರಿಯುತ್ತಿರುತ್ತವೆ. ಒಂದು ಕ್ಷಣ ಒಂದು ಕಡೆ ಋಣಾಂಶ ಹೆಚ್ಚಾಗುತ್ತದೆ. ಅದರ ಪ್ರಭಾವದಿಂದ ಪಕ್ಕದ ಅಣುವಿನಲ್ಲಿಯೂ ಹಾಗೆಯೇ ಆಗಿ, ಒಂದರ ಧನದ ಕೊನೆ ಮತ್ತೊಂದರ ಋಣದ ಕೊನೆಯನ್ನು ಸೆಳೆಯುತ್ತದೆ. ಈ ಸೆಳೆತ ತೀರ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕೊಂಚ ದೂರ ಸರಿದರೆ ಇಲ್ಲದಂತೆಯೇ.

೨. ನೀರಿನ ವಿಶೇಷ

ನೀರಿನ ಅಣುಗಳಲ್ಲಿ ಇದಕ್ಕಿಂತ ಬಲವಾದ ಇನ್ನೊಂದು ಸೆಳೆತ ಇದೆ. ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲ ಮೀಥೇನ್. ಅದರ ಅಣುವಿನ ತೂಕ ೧೬; ನೀರಿನ ಅಣುವಿನ ತೂಕ ೧೮. ತೂಕದಲ್ಲಿ ಹೆಚ್ಚು ಅಂತರವಿಲ್ಲ. ಆದರೆ ಮೀಥೇನ್ ಸೊನ್ನೆಗಿಂತ ೧೬೧ ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ; ನೀರು ಕುದಿಯಲು ೧೦೦ ಡಿಗ್ರಿ ಬೇಕು. ನೀರೂ ಮೀಥೇನಿನಂತೆಯೇ ಇದ್ದಿದ್ದರೆ ಭೂಮಿಯ ಮೇಲೆ ಕೆರೆಯೂ ಇರುತ್ತಿರಲಿಲ್ಲ, ಮಳೆಯೂ ಇರುತ್ತಿರಲಿಲ್ಲ.

ಕಾರಣವಿಷ್ಟೆ. ನೀರಿನ ಅಣುವಿನಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೀಗಾಗಿ ಆಮ್ಲಜನಕದ ಕಡೆ ಋಣಾಂಶವೂ ಜಲಜನಕಗಳ ಕಡೆ ಧನಾಂಶವೂ ನಿಲ್ಲುತ್ತವೆ. ಒಂದು ಅಣುವಿನ ಜಲಜನಕ ಪಕ್ಕದ ಅಣುವಿನ ಆಮ್ಲಜನಕಕ್ಕೆ ಕೈ ಚಾಚುತ್ತದೆ. ಇದಕ್ಕೆ ಜಲಜನಕ ಬಂಧ ಎಂದು ಹೆಸರು. ಅಣುವಿನೊಳಗಿನ ಬಂಧನಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಆದರೂ ನೀರಿನಲ್ಲಿ ಎಲ್ಲ ಅಣುಗಳೂ ಹೀಗೆ ಕೈ ಕೈ ಹಿಡಿದುಕೊಂಡಿರುವುದರಿಂದ ಒಟ್ಟು ಬಲ ಬಹಳ. ಕುದಿಯುವ ಒಂದು ಗ್ರಾಂ ನೀರನ್ನು ಪೂರ ಆವಿ ಮಾಡಲು ೫೪೦ ಕ್ಯಾಲೊರಿ ಶಾಖ ಬೇಕು. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದೂ ಇದರಿಂದಲೇ. ಗಡಿಗೆಯ ಮೈಯಿಂದ ಆವಿಯಾಗಿ ಹೋಗುವ ಅಣುಗಳು ಕೈ ಬಿಡಿಸಿಕೊಳ್ಳಲು ಬೇಕಾದ ಶಾಖವನ್ನು ಉಳಿದ ನೀರಿನಿಂದಲೇ ತೆಗೆದುಕೊಳ್ಳುತ್ತವೆ.

೩. ಮನೆಯಲ್ಲಿ ನೋಡಬಹುದಾದ ಮೂರು ಪ್ರಯೋಗಗಳು

ಮೊದಲನೆಯದು: ಎರಡು ಗಾಜಿನ ತುಂಡುಗಳನ್ನು ತೊಳೆದು, ನಡುವೆ ನಾಲ್ಕು ಹನಿ ನೀರು ಬಿಟ್ಟು ಒತ್ತಿರಿ. ಈಗ ಮೇಲಿನದನ್ನು ನೇರವಾಗಿ ಎತ್ತಲು ಪ್ರಯತ್ನಿಸಿರಿ, ಸುಲಭವಾಗಿ ಬಾರದು. ಪಕ್ಕಕ್ಕೆ ಜಾರಿಸಿದರೆ ಜಾರುತ್ತದೆ. ನೀರು ತನ್ನನ್ನು ತಾನು ಹಿಡಿದುಕೊಳ್ಳುವುದಲ್ಲದೆ ಗಾಜನ್ನೂ ಹಿಡಿಯುತ್ತದೆ. ಪದರ ತೆಳುವಾದಷ್ಟೂ ಹಿಡಿತ ಹೆಚ್ಚು ಎಂಬುದನ್ನು ಗಮನಿಸಿರಿ.

ಎರಡನೆಯದು: ಬಟ್ಟಲಿನ ನೀರಿನ ಮೇಲೆ ಒಣಗಿದ ಸೂಜಿಯನ್ನು ಮೆಲ್ಲಗೆ ಅಡ್ಡ ಇಡಿರಿ. ಅದು ತೇಲುತ್ತದೆ. ನೀರಿನ ಮೇಲ್ಮೈಯ ಅಣುಗಳನ್ನು ಒಳಗಿನವು ಕೆಳಕ್ಕೆ ಸೆಳೆಯುವುದರಿಂದ ಮೇಲ್ಮೈ ಬಿಗಿದ ಚರ್ಮದಂತೆ ಇರುತ್ತದೆ. ಈಗ ಸಾಬೂನಿನ ನೀರನ್ನು ಒಂದು ಹನಿ ಬಿಡಿರಿ. ಸೂಜಿ ಮುಳುಗುತ್ತದೆ. ಸಾಬೂನು ಆ ಬಿಗಿತವನ್ನು ಸಡಿಲಿಸಿತು.

ಮೂರನೆಯದು: ಒಂದು ಚಮಚ ಶೇಂಗಾ ಎಣ್ಣೆ, ಒಂದು ಚಮಚ ಔಡಲೆಣ್ಣೆ ತೆಗೆದುಕೊಂಡು ಓರೆ ಇಟ್ಟ ಹಲಗೆಯ ಮೇಲೆ ಬಿಡಿರಿ. ಶೇಂಗಾ ಎಣ್ಣೆ ಓಡುತ್ತದೆ, ಔಡಲೆಣ್ಣೆ ತೆವಳುತ್ತದೆ. ಔಡಲೆಣ್ಣೆ ಸುಮಾರು ಹತ್ತು ಪಾಲು ಹೆಚ್ಚು ಮಂದ. ಎರಡರ ಅಣುಗಳೂ ಉದ್ದನೆಯ ಬಾಲಗಳುಳ್ಳವೇ. ಆದರೆ ಔಡಲೆಣ್ಣೆಯ ಬಾಲದಲ್ಲಿ ಆಮ್ಲಜನಕ ಜಲಜನಕ ಸೇರಿದ ಒಂದೊಂದು ಕೊಕ್ಕೆ ಇದೆ. ಆ ಕೊಕ್ಕೆಗಳು ಒಂದನ್ನೊಂದು ಜಲಜನಕ ಬಂಧದಿಂದ ಹಿಡಿಯುತ್ತವೆ. ಕೊಕ್ಕೆ ಸಣ್ಣದು, ಪರಿಣಾಮ ದೊಡ್ಡದು.

೪. ಎರೆ ಮಣ್ಣಿನ ಒಳಗುಟ್ಟು

ನಮ್ಮ ಎರೆ ಭೂಮಿಯನ್ನು ತೆಲುಗಿನ ನೆರೆಯವರು ರೇಗಡಿ ನೆಲ ಎನ್ನುತ್ತಾರೆ. ಇದರಲ್ಲಿರುವ ಜೇಡಿಯ ಮುಖ್ಯ ಜಾತಿಗೆ ಮಾಂಟ್‌ಮೊರಿಲೊನೈಟ್ ಎಂದು ಹೆಸರು. ಹೆಸರು ಕಷ್ಟವಾದರೂ ರಚನೆ ಸುಲಭ: ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ಪದರಗಳು. ಒಂದು ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನಷ್ಟು. ಈ ಹಾಳೆಗಳ ನಡುವೆಯೂ ನೀರು ನುಗ್ಗಬಲ್ಲುದು. ಮಳೆಗೆ ಎರೆ ಉಬ್ಬುವುದು, ಬೇಸಗೆಗೆ ಹಾಳೆಗಳು ಮತ್ತೆ ಹತ್ತಿರ ಬಂದು ನೆಲ ಕುಗ್ಗಿ ಬಿರಿಯುವುದು, ಒಣಗಿದ ಹೆಂಟೆ ಕಲ್ಲಿನಂತಾಗುವುದು, ಎಲ್ಲವೂ ಇದರಿಂದಲೇ.

ಈ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಗ್ರಾಂ ಜೇಡಿಯ ಮೈ ಸುಮಾರು ೮೦೦ ಚದರ ಮೀಟರ್ ಆಗುತ್ತದೆ. ಒಂದು ಎಕರೆ ಎಂದರೆ ೪೦೪೭ ಚದರ ಮೀಟರ್. ಅಂದರೆ ಈ ಜೇಡಿಯ ಐದೇ ಗ್ರಾಂನಲ್ಲಿ, ಒಂದು ಚಿಟಿಕೆಯಲ್ಲಿ, ಒಂದು ಎಕರೆಯಷ್ಟು ಮೈ ಅಡಗಿದೆ! ಮಸಾರಿ ಮಣ್ಣಿನಲ್ಲಿ ಜೇಡಿ ಕಡಿಮೆ, ಮರಳು ಹೆಚ್ಚು. ಅದರಲ್ಲಿ ಹೆಚ್ಚಾಗಿ ಕಾಣುವ ಕೆಯೋಲಿನೈಟ್ ಜಾತಿಯ ಜೇಡಿಗೆ ಒಂದು ಗ್ರಾಂಗೆ ೧೦ರಿಂದ ೨೦ ಚದರ ಮೀಟರ್ ಮೈ ಮಾತ್ರ.

ನೀರು ಅಂಟಿಕೊಳ್ಳುವುದು ಮೈಗೆ. ಮೈ ಹೆಚ್ಚಿದ್ದಷ್ಟೂ ಅದೇ ನೀರು ತೆಳ್ಳಗೆ ಹರಡುತ್ತದೆ. ತೆಳ್ಳಗಾದಷ್ಟೂ ಹಿಡಿತ ಬಿಗಿಯಾಗುತ್ತದೆ. ಗಾಜಿನ ತುಂಡುಗಳ ಪ್ರಯೋಗದಲ್ಲಿ ಕಂಡುದೂ ಇದೇ. ಒಂದು ಲೆಕ್ಕ ಮಾಡಿರಿ. ಅರ್ಧ ಪಾಲು ಇಂಥ ಜೇಡಿ ಇರುವ ಒಂದು ಗ್ರಾಂ ಮಣ್ಣಿನ ಮೈ ೪೦೦ ಚದರ ಮೀಟರ್. ಅದರಲ್ಲಿ ನೂರಕ್ಕೆ ೨೦ರಂತೆ ೦.೨ ಗ್ರಾಂ ನೀರಿದ್ದರೆ, ಎಲ್ಲ ಮೈಗೂ ಸಮನಾಗಿ ಹರಡಿದಾಗ ಆ ನೀರಿನ ದಪ್ಪ ಎರಡು ಅಣುಗಳಷ್ಟೂ ತುಂಬುವುದಿಲ್ಲ. ಅಂಥ ನೀರು ಕೈಗೆ ತಣ್ಣಗೆ ತಾಕೀತು; ಗಿಡಕ್ಕೆ ಮಾತ್ರ ಸಿಕ್ಕದು.

೫. ಬೇರಿಗೂ ಮಣ್ಣಿಗೂ ಜಗ್ಗಾಟ

ಬೇರು ನೀರನ್ನು ಎಳೆಯುವುದು ಹೇಗೆ? ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ. ಹೋದ ಅಣು ತನ್ನ ಹಿಂದಿನದನ್ನು ಎಳೆಯುತ್ತದೆ, ಅದು ಅದರ ಹಿಂದಿನದನ್ನು. ಹೀಗೆ ಎಲೆಯಿಂದ ಬೇರಿನ ತುದಿಯವರೆಗೆ ನೀರು ಸೇದುವ ಹಗ್ಗದಂತೆ ಕಡಿಯದೆ ಮೇಲಕ್ಕೆ ಬರುತ್ತದೆ. ೧೮೯೪ರಲ್ಲಿ ಡಬ್ಲಿನ್ ನಗರದ ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು ಈ ಮತವನ್ನು ಮುಂದಿಟ್ಟರು. ಹಗ್ಗ ಕಡಿಯದಂತೆ ಕಾಯುವುದು ಜಲಜನಕ ಬಂಧವೇ.

ಹಗ್ಗದ ಮೇಲಿನ ತುದಿಯನ್ನು ಬಿಸಿಲು ಜಗ್ಗುತ್ತದೆ. ಕೆಳಗಿನ ತುದಿಯನ್ನು ಜೇಡಿ ಜಗ್ಗುತ್ತದೆ. ಮಳೆ ನಿಂತು ಹೆಚ್ಚಿನ ನೀರು ಬಸಿದುಹೋದ ಮೇಲೆ ಮಣ್ಣು ನೀರನ್ನು ಹಿಡಿದಿರುವ ಬಲ ಗಾಳಿಯ ಒತ್ತಡದ ಮೂರರಲ್ಲಿ ಒಂದು ಪಾಲು. ಬೇರಿಗೆ ಇದು ಸುಲಭ. ಗಿಡ ದಿನದಿನವೂ ನೀರು ಕುಡಿದಂತೆ ಉಳಿದ ನೀರಿನ ಪದರ ತೆಳುವಾಗಿ ಹಿಡಿತ ಬಿಗಿಯುತ್ತದೆ. ಅದು ಗಾಳಿಯ ಒತ್ತಡದ ೧೫ ಪಾಲಿಗೆ ಮುಟ್ಟಿದಾಗ ಸಾಧಾರಣ ಬೆಳೆಗಳು ಸೋಲುತ್ತವೆ. ೧೫ ಪಾಲು ಎಂದರೆ ೧೫೦ ಮೀಟರ್ ಆಳದ ಬೋರಿನಿಂದ ನೀರೆತ್ತಿದಷ್ಟು ಎಂದು ತಿಳಿಯಿರಿ. ಇದಕ್ಕೆ ಬಾಡುವ ಮಟ್ಟ ಎನ್ನೋಣ. ಇದಾದ ಮೇಲೂ ಮಣ್ಣಿನಲ್ಲಿ ನೀರು ಇದ್ದೇ ಇರುತ್ತದೆ. ಅದು ಜೇಡಿಯ ಪಾಲು, ಗಿಡದ ಪಾಲಲ್ಲ.

ಜೇಡಿಯ ಪ್ರಮಾಣದ ಮೇಲೆ ಅಂಕಿಗಳು ಹೊಲದಿಂದ ಹೊಲಕ್ಕೆ ಬದಲಾಗುತ್ತವೆ. ಆದರೂ ಲೆಕ್ಕಕ್ಕಾಗಿ ಹೀಗೆ ಹಿಡಿಯಬಹುದು. ಒಳ್ಳೆಯ ಎರೆ ನೂರು ತೂಕಕ್ಕೆ ೩೮ ತೂಕ ನೀರು ಹಿಡಿದಿಟ್ಟುಕೊಳ್ಳುತ್ತದೆ, ೨೦ಕ್ಕೆ ಇಳಿದಾಗ ಗಿಡ ಬಾಡುತ್ತದೆ. ಮಸಾರಿ ೧೨ ತೂಕ ಹಿಡಿಯುತ್ತದೆ, ೫ಕ್ಕೆ ಇಳಿದಾಗ ಗಿಡ ಬಾಡುತ್ತದೆ. ಈಗ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ನೂರಕ್ಕೆ ೧೮ ನೀರಿರುವ ಎರೆಯಲ್ಲಿ ಹತ್ತಿ ಬಾಡಿತು. ನೂರಕ್ಕೆ ೮ ಮಾತ್ರ ಇರುವ ಮಸಾರಿಯಲ್ಲಿ ಶೇಂಗಾ ಬದುಕಿತು. ಎರೆಗೂ ಮಸಾರಿಗೂ ಒಂದೇ ಕೈಯಳತೆ ಸಲ್ಲದು.

ಇನ್ನೊಂದು ಮಾತನ್ನೂ ಗಮನಿಸಬೇಕು. ಒಣಗಿದ ಬೀಜವೂ ನೀರನ್ನು ಸೆಳೆಯುತ್ತದೆ, ಅದೂ ಬೇರಿಗಿಂತ ಎಷ್ಟೋ ಪಾಲು ಬಲವಾಗಿ. ಆದುದರಿಂದ ಬೇರಿಗೆ ಸಿಕ್ಕದ ಹಸಿಯಿಂದಲೂ ಬೀಜ ಉಬ್ಬಬಹುದು. ಬೀಜ ಉಬ್ಬಿದ್ದನ್ನು ಕಂಡು ಬೆಳೆ ನಿಂತಿತು ಎಂದು ನಂಬಬಾರದು. ಉಬ್ಬಿದ ಬೀಜ ಮುಂದೆ ಮೊಳೆತು ಬೇರು ಬಿಡಬೇಕಾದರೆ ಸಡಿಲ ಹಿಡಿತದ ನೀರೇ ಬೇಕು. ಅದಿಲ್ಲದೆ ಹೋದರೆ ಬೀಜವೂ ಹೋಯಿತು, ಬಿತ್ತನೆಯ ಕೂಲಿಯೂ ಹೋಯಿತು.

೬. ಮಳೆಯ ಲೆಕ್ಕ

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಬೇಸಗೆಯ ಕಾದ ನೆಲದ ಮೇಲೆ ೨೦ ಮಿಲಿಮೀಟರ್ ಮಳೆ ಬಂತೆಂದು ಇಟ್ಟುಕೊಳ್ಳಿ. ಒಂದು ಚದರ ಮೀಟರಿನಲ್ಲಿ ಒಂದು ಸೆಂಟಿಮೀಟರ್ ದಪ್ಪದ ಎರೆ ಮಣ್ಣು ಸುಮಾರು ೧೨ ಕಿಲೋ. ಅದರಲ್ಲಿ ಮೊದಲೇ ನೂರಕ್ಕೆ ೮ ನೀರಿದ್ದರೆ, ೩೮ಕ್ಕೆ ತುಂಬಿಸಲು ನೂರಕ್ಕೆ ೩೦ ಬೇಕು, ಅಂದರೆ ೩.೬ ಲೀಟರ್. ೨೦ ಲೀಟರ್ ನೀರು ಇಳಿಯುವುದು ಐದೂವರೆ ಸೆಂಟಿಮೀಟರ್ ಮಾತ್ರ. ಅದರಲ್ಲಿಯೂ ೮ ಲೀಟರ್ ಜೇಡಿಯ ಪಾಲು. ಉಳಿದ ೧೨ ಲೀಟರ್ ಬಿಸಿಲಿಗೆ ಎದುರಾಗಿ ಮೇಲೆಯೇ ಕುಳಿತಿರುತ್ತದೆ. ನಾಲ್ಕು ದಿನ ಗಾಳಿ ಬೀಸಿದರೆ ಅದೂ ಹೋಗುತ್ತದೆ.

ಮಸಾರಿಯಲ್ಲಿ ಒಂದು ಸೆಂಟಿಮೀಟರ್ ಮಣ್ಣು ಸುಮಾರು ೧೫ ಕಿಲೋ. ನೂರಕ್ಕೆ ೨ರಿಂದ ೧೨ಕ್ಕೆ ತುಂಬಿಸಲು ಒಂದೂವರೆ ಲೀಟರ್ ಸಾಕು. ೨೦ ಲೀಟರ್ ನೀರು ೧೩ ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ. ೧೪ ಲೀಟರ್ ಗಿಡದ ಪಾಲಿಗೆ ಉಳಿಯುತ್ತದೆ; ಬೀಜ ಬೀಳುವ ಆಳಕ್ಕಿಂತ ಕೆಳಗೂ ಹಸಿ ಇರುತ್ತದೆ.

ಆದರೆ ಪೂರ ಮಳೆಯಾದಾಗ ಲೆಕ್ಕ ತಿರುಗುತ್ತದೆ. ಒಂದು ಮೀಟರ್ ಆಳ ತುಂಬಿದ ಎರೆಯಲ್ಲಿ ಗಿಡಕ್ಕೆ ಸಿಕ್ಕುವ ನೀರು ಸುಮಾರು ೨೧೬ ಮಿಲಿಮೀಟರ್. ಅರ್ಧ ಮೀಟರ್ ಆಳದ ಮಸಾರಿಯಲ್ಲಿ ೫೨ ಮಿಲಿಮೀಟರ್ ಮಾತ್ರ. ಮಸಾರಿ ಬಂದಷ್ಟನ್ನು ಕೊಡುವ ಕೈ, ಕೂಡಿಡಲು ಅರಿಯದು. ಎರೆ ಮೊದಲು ತನ್ನ ಪಾಲು ತೆಗೆದಿಟ್ಟುಕೊಂಡು ಆಮೇಲೆ ಕೊಡುವ ಹಗೇವು.

ರೋಹಿಣಿ, ಮೃಗಶಿರದ ತುಂಡು ಮಳೆಗೆ ಮಸಾರಿಯಲ್ಲಿ ಶೇಂಗಾ, ಸಜ್ಜೆ, ನವಣೆ ಬಿತ್ತಿ, ಎರೆಯನ್ನು ಹರಗಿ ಬಿಟ್ಟು, ಉತ್ತರೆ ಹಸ್ತೆ ಮಳೆ ತುಂಬಿದ ಮೇಲೆ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತುವ ಪದ್ಧತಿ ನಮ್ಮ ಹಿರಿಯರದು. ಜೇಡಿಯ ಹಾಳೆಗಳನ್ನು ಅವರು ಕಂಡಿರಲಿಲ್ಲ. ಆದರೆ ತುಂಬಿದ ಎರೆ ಮಳೆಯೇ ಇಲ್ಲದ ಚಳಿಗಾಲದಲ್ಲಿ ಜೋಳವನ್ನು ತೆನೆಗೆ ತರುತ್ತದೆ, ತುಂಬದ ಎರೆ ಮೋಸ ಮಾಡುತ್ತದೆ ಎಂಬುದನ್ನು ಅನುಭವದಿಂದ ಅರಿತಿದ್ದರು. ೧೯೩೦ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿಗಳಲ್ಲಿ ಒಣ ಬೇಸಾಯದ ಪ್ರಯೋಗಗಳು ನಡೆದುದೂ, ೧೯೫೪ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನ ಕೇಂದ್ರ ಆರಂಭವಾದುದೂ ಇದೇ ನೆಲದ ಹಸಿಯನ್ನು ಉಳಿಸುವ ಪ್ರಶ್ನೆಗಾಗಿ.

೭. ಹೊಲದಲ್ಲಿ ಮಾಡಬೇಕಾದುದು

ಒಂದು: ಬಿತ್ತುವ ಮೊದಲು ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಗೆದು ನೋಡಿರಿ. ಎರೆಯಲ್ಲಿ ಮೇಲಿನ ನಾಲ್ಕು ಬೆರಳು ಹಸಿ ಕಂಡು ಹಿಂಗಾರಿ ಬಿತ್ತನೆಗೆ ಆತುರಪಡಬಾರದು. ಮೇಲಿನ ಹಸಿಯೂ ಕೆಳಗಿನ ಹಳೆಯ ಹಸಿಯೂ ಕೂಡಿರಬೇಕು. ನಡುವೆ ಒಣಗಿದ ಪದರ ಉಳಿದಿದ್ದರೆ ಬೇರು ಅಲ್ಲಿಗೇ ನಿಲ್ಲುತ್ತದೆ.

ಎರಡು: ಮುಂಗಾರಿನಲ್ಲಿ ಖಾಲಿ ಬಿಟ್ಟ ಎರೆಯಲ್ಲಿ ಸಣ್ಣ ಸಣ್ಣ ಬದುಗಳ ಚೌಕ ಮಡಿ ಮಾಡಿ ಬಿದ್ದ ನೀರನ್ನು ಬಿದ್ದಲ್ಲೇ ನಿಲ್ಲಿಸಿರಿ. ಉಬ್ಬಿದ ಎರೆಯಲ್ಲಿ ನೀರು ಮೆಲ್ಲಗೆ ಇಳಿಯುತ್ತದೆ. ಅದಕ್ಕೆ ಹೊತ್ತು ಕೊಡಬೇಕು. ಇಲ್ಲವಾದರೆ ಹಳ್ಳಕ್ಕೆ ಓಡುತ್ತದೆ, ಮಣ್ಣನ್ನೂ ಒಯ್ಯುತ್ತದೆ.

ಮೂರು: ಎಡೆಕುಂಟೆ ಬಿಡಬೇಡಿರಿ. ಮೇಲ್ಮಣ್ಣನ್ನು ಪುಡಿ ಮಾಡಿದರೆ ಕೆಳಗಿನ ನೀರು ಸಣ್ಣ ನಾಳಗಳ ಮೂಲಕ ಏರುವುದು ನಿಲ್ಲುತ್ತದೆ ಎಂದು ಹಿಂದಿನ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ನಾಳದಲ್ಲಿ ನೀರು ಏರುವುದು ನಿಜ; ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಅಗಲದ ಗಾಜಿನ ನಾಳದಲ್ಲಿ ನೀರು ಒಂದು ಅಡಿಯಷ್ಟು ತಾನೇ ಏರುತ್ತದೆ. ಆದರೆ ನಮ್ಮ ಬಿಸಿಲಿಗೆ ಮೇಲ್ಮಣ್ಣು ಬೇಗ ಒಣಗಿ ತಾನೇ ಮುಚ್ಚಿಗೆಯಾಗುತ್ತದೆ; ಜೇಡಿಯ ಅತಿ ಸಣ್ಣ ಸಂದುಗಳಲ್ಲಿ ನೀರಿನ ಏರಿಕೆಯೂ ಬಹಳ ನಿಧಾನ. ಕುಂಟೆಯ ಮುಖ್ಯ ಉಪಕಾರ ಎರಡು ಎಂದು ಈಗಿನ ತಿಳಿವಳಿಕೆ: ನೀರು ಕದಿಯುವ ಕಳೆಯನ್ನು ಕೊಲ್ಲುವುದು, ಬಿರುಕುಗಳನ್ನು ಮುಚ್ಚುವುದು. ತೆರೆದ ಬಿರುಕು ಎಂದರೆ ಬಿಸಿಗಾಳಿಗೆ ನೆಲದ ಒಡಲನ್ನೇ ಬಿಚ್ಚಿಟ್ಟಂತೆ. ಜೋಳದ ಸಾಲುಗಳಲ್ಲಿ ಬಿರುಕು ಕೂದಲೆಳೆಯಷ್ಟಿರುವಾಗಲೇ ಕುಂಟೆ ಹೊಡೆಯಿರಿ.

ನಾಲ್ಕು: ಮಸಾರಿಗೆ ತಿಪ್ಪೆಗೊಬ್ಬರವನ್ನೂ ಕೆರೆಯ ಹೂಳನ್ನೂ ಹಾಕುವುದು ಒಳ್ಳೆಯದು, ಹಿಡಿತ ಕಡಿಮೆಯಿರುವ ನೆಲಕ್ಕೆ ಹಿಡಿತ ಬರುತ್ತದೆ. ಆದರೆ ಹೂಳನ್ನು ಮಿತಿ ಮೀರಿ ಹೇರಬಾರದು. ಜೇಡಿ ಹೆಚ್ಚಿದಂತೆ ಹಿಡಿಯುವ ನೀರೂ ಹೆಚ್ಚುತ್ತದೆ, ಕೊಡದೆ ಉಳಿಸಿಕೊಳ್ಳುವ ನೀರೂ ಹೆಚ್ಚುತ್ತದೆ. ಗೊಬ್ಬರಕ್ಕೆ ಈ ದೋಷ ಕಡಿಮೆ.

ಐದು: ಕಾಲುವೆ ನೀರಿನ ಎರೆಯಲ್ಲಿ ಸವಳು ಕಂಡರೆ ಮಣ್ಣು ಪರೀಕ್ಷೆ ಮಾಡಿಸಿರಿ. ಸೋಡಿಯಂ ಹೆಚ್ಚಾದಾಗ ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಹತ್ತಿರದಲ್ಲಿ ಮಾತ್ರ ಕೆಲಸ ಮಾಡುವ ಸೆಳೆತಕ್ಕೆ ಅವು ಸಿಕ್ಕುವುದೇ ಇಲ್ಲ. ಮಣ್ಣು ಕೆಸರಾಗಿ ಬಿಡಿಬಿಡಿಯಾಗಿ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಇಂಥ ನೆಲಕ್ಕೆ ಜಿಪ್ಸಂ ಹಾಕಿ ನೀರು ಬಸಿದು ಹೋಗುವಂತೆ ಮಾಡಿದರೆ ಅದರ ಸುಣ್ಣದ ಅಂಶ ಸೋಡಿಯಂ ಇದ್ದ ಜಾಗವನ್ನು ಹಿಡಿಯುತ್ತದೆ. ಕಣಗಳು ಮತ್ತೆ ಗುಂಪುಗೂಡುತ್ತವೆ.

ಆರು: ಉಳ್ಳಾಗಡ್ಡಿಯ ಗರಿಯ ಮೇಲೆ ಔಷಧ ಸಿಂಪಡಿಸಿದಾಗ ಹನಿ ಮುತ್ತಿನಂತೆ ಉರುಳಿ ಬೀಳುವುದನ್ನು ಕಂಡಿದ್ದೀರಿ. ಗರಿಯ ಮೇಲಿನ ಮೇಣಕ್ಕೆ ನೀರಿನ ಸಂಗಡ ಸೆಳೆತ ಕಡಿಮೆ. ನೀರಿಗೆ ತನ್ನೊಳಗಿನ ಸೆಳೆತವೇ ಹೆಚ್ಚು. ಸಾಬೂನಿನ ಅಣುವಿಗೆ ಒಂದು ತುದಿ ನೀರಿಗೆ ಒಲಿದುದು, ಇನ್ನೊಂದು ತುದಿ ಎಣ್ಣೆ ಮೇಣಕ್ಕೆ ಒಲಿದುದು. ಬೇವಿನೆಣ್ಣೆ ನೀರಿನಲ್ಲಿ ಬೆರೆಯುವುದೂ ಹನಿ ಗರಿಗೆ ಅಂಟುವುದೂ ಇದರ ಮಧ್ಯಸ್ಥಿಕೆಯಿಂದಲೇ. ಆದುದರಿಂದ ಅಂಟು ದ್ರವವಿಲ್ಲದೆ ಉಳ್ಳಾಗಡ್ಡಿಗೆ ಸಿಂಪಡಿಸುವುದು ಹಣವನ್ನು ನೆಲಕ್ಕೆ ಚೆಲ್ಲಿದಂತೆ. ಪ್ರಮಾಣವನ್ನು ಡಬ್ಬಿಯ ಮೇಲೆ ಕೊಟ್ಟಂತೆಯೇ ಇಟ್ಟುಕೊಳ್ಳಬೇಕು; ಹೆಚ್ಚಾದರೆ ಗರಿ ಸುಡುತ್ತದೆ.

ಅಭ್ಯಾಸ

ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಂದ ಈ ಕೆಲಸ ಮಾಡಿಸಿರಿ. ಗಿಡ ಬಾಡಿ ನಿಂತ ಎರೆ ಹೊಲದಿಂದ ಒಂದು ಗೇಣು ಆಳದ ಮಣ್ಣನ್ನು, ಹಾಗೆಯೇ ಗಿಡ ಬಾಡಿದ ಮಸಾರಿಯಿಂದ ಅಷ್ಟೇ ಆಳದ ಮಣ್ಣನ್ನು ತಂದು ನೂರು ನೂರು ಗ್ರಾಂ ತೂಗಿರಿ. ಬೇರೆ ಬೇರೆಯಾಗಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ತಿರುವುತ್ತ ಒಣಗಿಸಿರಿ. ಮೇಲೆ ಹಿಡಿದ ತಣ್ಣನೆಯ ತಟ್ಟೆಗೆ ಆವಿ ಕಟ್ಟುವುದು ನಿಂತ ಮೇಲೆ, ತಣಿಸಿ ಮತ್ತೆ ತೂಗಿರಿ. ಕಡಿಮೆಯಾದ ಗ್ರಾಂಗಳೇ ಆ ಮಣ್ಣು ಗಿಡಕ್ಕೆ ಕೊಡದೆ ಹಿಡಿದಿಟ್ಟುಕೊಂಡಿದ್ದ ನೀರು. ಎರಡು ಅಂಕಿಗಳನ್ನೂ ತೇದಿಯೊಡನೆ ಬರೆದಿಡಿರಿ. ಅವು ನಿಮ್ಮ ಹೊಲದ ಬಾಡುವ ಮಟ್ಟದ ಅಂಕಿಗಳು. ಇಲ್ಲಿ ನಾನು ಲೆಕ್ಕಕ್ಕೆ ಹಿಡಿದ ೨೦, ೫ಕ್ಕಿಂತ ಅವೇ ನಿಮಗೆ ಹೆಚ್ಚು ಬೆಲೆಯುಳ್ಳವು.

ಮುಂದಿನ ಹಿಂಗಾರಿನಲ್ಲಿ ಬಿತ್ತುವ ಮುಂಚೆ ಇದೇ ರೀತಿ ಹಂಚಿನ ಮೇಲೆ ಒಣಗಿಸಿ ನೋಡಿರಿ. ಬಂದ ಅಂಕಿ ಬಾಡುವ ಅಂಕಿಗಿಂತ ಬಹಳ ಮೇಲಿದ್ದು, ಒಂದು ಮೊಳ ಆಳದಲ್ಲಿಯೂ ಹಾಗೆಯೇ ಇದ್ದರೆ ಕೂರಿಗೆ ಹೂಡಿರಿ. ಅದರ ಹತ್ತಿರವೇ ಇದ್ದರೆ, ಹೆಂಟೆ ಕೈಗೆ ಎಷ್ಟೇ ತಣ್ಣಗಿರಲಿ, ಇನ್ನೊಂದು ಮಳೆಗೆ ಕಾಯಿರಿ.